ಸೊನ್ನೆ-ಒಂದರ ಕೆಳಗಿನ ವೋಲ್ಟೇಜು: 24 ಮೆಗಾಹರ್ಟ್ಜ್, 8 ಚಾನೆಲ್ ಲಾಜಿಕ್ ಅನಲೈಸರ್ ವಿಮರ್ಶೆ

ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಪುಟ್ಟ ಡಬ್ಬಿ ಇದು. ಚಿಪ್ಪುಗಳ ನಡುವಿನ ತಂತಿಗಳಲ್ಲಿ ಓಡುವ ಸೊನ್ನೆ-ಒಂದುಗಳನ್ನು ಹಿಡಿದು ಕಂಪ್ಯೂಟರಿನ ಪರದೆಯಲ್ಲಿ ತೋರಿಸುವುದು ಇದರ ಕೆಲಸ. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ 10 ಪಿನ್ನಿನ ಹೆಡರ್, ಮೇಲೆ ‘24 ಮೆಗಾಹರ್ಟ್ಜ್, 8 ಚಾನೆಲ್’ ಎಂಬ ಬರಹ. ತಯಾರಕರ ಹೆಸರು ಹೆಚ್ಚಿನವುಗಳ ಮೇಲೆ ಇರುವುದೇ ಇಲ್ಲ. ಎಂಜಿನಿಯರಿಂಗ್ ಕಾಲೇಜಿನ ಕೊನೇ ವರ್ಷದ ಪ್ರಾಜೆಕ್ಟಿನಿಂದ ಹಿಡಿದು ರಿಪೇರಿ ಬೆಂಚಿನವರೆಗೆ ಎಲ್ಲೆಡೆ ಇದರ ಬಳಕೆ ಇದೆ.

ಕೊಳ್ಳಬಹುದೇ ಎಂದರೆ, ಖಂಡಿತ ಕೊಳ್ಳಬಹುದು. ಈ ದುಡ್ಡಿಗೆ ಇಷ್ಟು ಕೆಲಸ ಮಾಡುವ ಇನ್ನೊಂದು ಉಪಕರಣ ಸಿಗುವುದು ಕಷ್ಟ. ಆದರೆ ಬಳಸುವ ಮುಂಚೆ ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಬೇಕು. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ನೀಟಾದ ಚೌಕದ ಅಲೆ ನಿಮ್ಮ ತಂತಿಯಲ್ಲಿ ಇಲ್ಲ. ತಂತಿಯಲ್ಲಿರುವುದು ಏರುವ, ಇಳಿಯುವ, ಅಲ್ಲಲ್ಲಿ ಕಂಪಿಸುವ ವೋಲ್ಟೇಜು. ಈ ಡಬ್ಬಿ ಅದನ್ನು 41.67 ನ್ಯಾನೊಸೆಕೆಂಡಿಗೊಮ್ಮೆ ನೋಡಿ (ಇಂತಹ ಒಂದೊಂದು ನೋಟವೂ ಒಂದು ಸ್ಯಾಂಪಲ್), ತನ್ನದೇ ಆದ ಒಂದು ಥ್ರೆಶೋಲ್ಡಿಗೆ, ಅಂದರೆ ಗಡಿ ವೋಲ್ಟೇಜಿಗೆ ಹೋಲಿಸಿ, ಒಂದು ಅಥವಾ ಸೊನ್ನೆ ಎಂದು ಬರೆದುಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಅಂಕ ಹಾಕದೆ ಪಾಸು-ಫೇಲು ಮಾತ್ರ ಹಾಕಿದ ಹಾಗೆ: ಗಡಿಯನ್ನು ಬರೀ ಮುಟ್ಟಿದವರೂ ಪಾಸು, 98 ಬಂದವರೂ ಪಾಸು. ‘ಒಮ್ಮೊಮ್ಮೆ ಮಾತ್ರ ಕೈಕೊಡುತ್ತದೆ’ ಎನ್ನುವ ಡಿಜಿಟಲ್ ಸರ್ಕ್ಯೂಟುಗಳ ರೋಗವೆಲ್ಲ ಹೆಚ್ಚಾಗಿ ಇರುವುದು ಆ ಗಡಿಯ ಅಕ್ಕಪಕ್ಕದಲ್ಲೇ. ಆದ್ದರಿಂದ ಇದನ್ನು ಎಷ್ಟು ಪ್ರೋಟೋಕಾಲ್ (ಚಿಪ್ಪುಗಳ ಮಾತುಕತೆಯ ನಿಯಮ) ಓದುತ್ತದೆ ಎಂಬುದರಿಂದ ಅಳೆದರೆ ಸಾಲದು. ವೋಲ್ಟೇಜಿನ ಬಗ್ಗೆ ಎಷ್ಟನ್ನು ಮುಚ್ಚಿಡುತ್ತದೆ, ಮುಚ್ಚಿಟ್ಟಿದ್ದನ್ನು ನಾವು ಹೇಗೆ ಹೊರಗೆ ತೆಗೆಯಬಹುದು ಎಂದೂ ನೋಡಬೇಕು.

ಒಳಗೇನಿದೆ

ಡಬ್ಬಿ ಬಿಚ್ಚಿದರೆ ಕಾಣುವ ದೊಡ್ಡ ಚಿಪ್ಪು ಸೈಪ್ರೆಸ್‌ನ ಸಿವೈ7ಸಿ68013ಎ. (ಸೈಪ್ರೆಸ್ ಕಂಪನಿ 2020ರಿಂದ ಇನ್ಫಿನಿಯಾನ್ ಕೈಯಲ್ಲಿದೆ.) 8051 ಕೋರ್, 16 ಕಿಲೋಬೈಟ್ ರ‍್ಯಾಮ್, 480 ಮೆಗಾಬಿಟ್ ವೇಗದ ಯುಎಸ್‌ಬಿ 2.0. ಪಕ್ಕದಲ್ಲಿ 24 ಮೆಗಾಹರ್ಟ್ಜ್ ಕ್ರಿಸ್ಟಲ್, 3.3 ವೋಲ್ಟ್ ರೆಗ್ಯುಲೇಟರ್, ಗುರುತಿನ ಸಂಖ್ಯೆ ಇಟ್ಟುಕೊಂಡ ಸಣ್ಣ ಈಪ್ರಾಮ್. ಸಿಗ್ನಲ್ ಕೂಡಿಡಲು ಸ್ವಂತ ಮೆಮೊರಿ ಇಲ್ಲ. ಬಂದದ್ದನ್ನು ಬಂದ ಹಾಗೆ ಕಂಪ್ಯೂಟರಿಗೆ ದಾಟಿಸುವುದಷ್ಟೇ ಕೆಲಸ.

ಇದರ ಪರಿಣಾಮ ನೇರ. 8 ಚಾನೆಲ್, 24 ಮೆಗಾಹರ್ಟ್ಜ್ ಎಂದರೆ ಸೆಕೆಂಡಿಗೆ 24 ಮೆಗಾಬೈಟ್ ಹರಿಯಬೇಕು. ಚಿಪ್ಪಿನೊಳಗಿನ ಬಫರ್ 4 ಕಿಲೋಬೈಟ್. ಅದು ತುಂಬಲು ಸುಮಾರು 170 ಮೈಕ್ರೊಸೆಕೆಂಡ್ ಸಾಕು. ಕಂಪ್ಯೂಟರ್ ಅಷ್ಟು ಹೊತ್ತು ಬೇರೆ ಕಡೆ ತಿರುಗಿದರೆ ಕ್ಯಾಪ್ಚರ್, ಅಂದರೆ ಸಿಗ್ನಲ್ ದಾಖಲಿಸುವ ಕೆಲಸ, ಅರ್ಧಕ್ಕೇ ನಿಂತುಹೋಗುತ್ತದೆ. ಪೆನ್‌ಡ್ರೈವ್, ವೆಬ್‌ಕ್ಯಾಮ್ ಜೊತೆ ಒಂದೇ ಹಬ್ಬಿಗೆ ಚುಚ್ಚಿದರೆ ಆಗುವುದು ಇದೇ. ಲ್ಯಾಪ್‌ಟಾಪಿನ ಪೋರ್ಟಿಗೆ ನೇರ ಚುಚ್ಚಿ; ಆಗಲೂ ನಿಂತರೆ 16 ಅಥವಾ 12 ಮೆಗಾಹರ್ಟ್ಜ್‌ಗೆ ಇಳಿಸಿ. ಬಂದ ಡಬ್ಬಿ ಕೆಟ್ಟದ್ದು ಎಂದು ವಾಪಸ್ ಕಳಿಸುವ ಮುನ್ನ ಇಷ್ಟು ಮಾಡಿ ನೋಡುವುದು ಒಳ್ಳೆಯದು.

ಮುಖ್ಯವಾಗಿ ನೋಡಬೇಕಾದದ್ದು ಹೆಡರಿಗೂ ಆ ದೊಡ್ಡ ಚಿಪ್ಪಿಗೂ ನಡುವೆ ಏನಿದೆ ಎಂಬುದು. ಹೊರಗಿನಿಂದ ಒಂದೇ ತರಹ ಕಾಣುವ ಡಬ್ಬಿಗಳಲ್ಲಿ ಇಲ್ಲೇ ವ್ಯತ್ಯಾಸ. ಕೆಲವುಗಳಲ್ಲಿ ಚಾನೆಲ್ಲಿಗೊಂದು ಚಿಕ್ಕ ರೆಸಿಸ್ಟರ್ ದಾಟಿ ಸಿಗ್ನಲ್ ನೇರ ಚಿಪ್ಪಿಗೆ ಹೋಗುತ್ತದೆ. ಆಗ ಚಿಪ್ಪಿನ ಡೇಟಾಶೀಟಿನ ಲೆಕ್ಕ ಅನ್ವಯ: 0.8 ವೋಲ್ಟಿಗಿಂತ ಕೆಳಗೆ ಸೊನ್ನೆ, 2.0 ವೋಲ್ಟಿಗಿಂತ ಮೇಲೆ ಒಂದು, ನಡುವೆ ಯಾವ ಭರವಸೆಯೂ ಇಲ್ಲ, 5.25 ವೋಲ್ಟಿನವರೆಗೆ ತಾಳಿಕೊಳ್ಳುತ್ತದೆ. ಇನ್ನು ಕೆಲವುಗಳಲ್ಲಿ ನಡುವೆ ಸಿಗ್ನಲ್ ದಾಟಿಸುವ 20 ಕಾಲಿನ ಒಂದು ಬಫರ್ ಚಿಪ್ಪು ಇರುತ್ತದೆ. ಅದರ ಮೇಲಿನ ನಂಬರ್ ಓದಿ. 74ಎಲ್‌ವಿಸಿ245 ಆಗಿದ್ದು 3.3 ವೋಲ್ಟಿನಲ್ಲಿ ಓಡುತ್ತಿದ್ದರೆ ಒಳ್ಳೆಯದು: ಅದೇ 0.8 ಮತ್ತು 2.0, ಜೊತೆಗೆ 5 ವೋಲ್ಟ್ ಸಿಗ್ನಲ್ ತಾಳುವ ಶಕ್ತಿ. 74ಎಚ್‌ಸಿ245 ಆಗಿದ್ದರೆ ಮೀಟರ್ ಹಿಡಿದು 20ನೇ ಕಾಲಿನ ವೋಲ್ಟೇಜ್ ನೋಡಲೇಬೇಕು. 5 ವೋಲ್ಟ್ ಇದ್ದರೆ ಅದು ‘ಒಂದು’ ಎಂದು ಖಾತರಿ ಕೊಡುವುದು 3.5 ವೋಲ್ಟಿನಿಂದ ಮೇಲೆ, ನಿಮ್ಮ 3.3 ವೋಲ್ಟ್ ಬೋರ್ಡಿನ ಸಿಗ್ನಲ್ ಅದನ್ನು ಮುಟ್ಟುವುದೇ ಇಲ್ಲ. 3.3 ವೋಲ್ಟಿನಲ್ಲಿ ಓಡುತ್ತಿದ್ದರೆ 5 ವೋಲ್ಟ್ ಸಿಗ್ನಲ್ ಕೊಟ್ಟಾಗ ಇನ್‌ಪುಟ್ಟಿನಿಂದ ಸಪ್ಲೈಗೆ ಇರುವ ಒಳಗಿನ ಕ್ಲ್ಯಾಂಪ್ ಡಯೋಡಿನ ಮೂಲಕ ಕರೆಂಟ್ ನುಗ್ಗುತ್ತದೆ.

ಎಚ್‌ಸಿ ಬಫರಿನ ಇನ್ನೊಂದು ತೊಂದರೆ ಯುಎಸ್‌ಬಿ ಕಿತ್ತಾಗ ಕಾಣುತ್ತದೆ. ನಿಮ್ಮ ಬೋರ್ಡ್ ಆನ್ ಇದ್ದು ಅನಲೈಸರ್ ಆಫ್ ಇದ್ದರೆ, ಸಿಗ್ನಲ್ ತಂತಿಗಳೇ ಅದೇ ಡಯೋಡುಗಳ ಮೂಲಕ ಅನಲೈಸರಿಗೆ ವಿದ್ಯುತ್ ಉಣಿಸತೊಡಗುತ್ತವೆ. ನಿಮ್ಮ ಬೋರ್ಡಿನ ಮಟ್ಟಗಳು ಕುಸಿಯುತ್ತವೆ, ಬಸ್ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಯುಎಸ್‌ಬಿ, ಆಮೇಲೆ ಬೋರ್ಡಿನ ಪವರ್, ಬಿಚ್ಚುವಾಗ ಉಲ್ಟಾ.

ಥ್ರೆಶೋಲ್ಡ್ ಅಳೆಯುವುದು

ಡೇಟಾಶೀಟ್ ಹೇಳುವ 0.8 ಮತ್ತು 2.0 ಖಾತರಿಯ ಗಡಿಗಳು. ನಿಮ್ಮ ಡಬ್ಬಿ ನಿಜವಾಗಿ ಎಲ್ಲಿ ತಿರುಗುತ್ತದೆ ಎಂದು ಹತ್ತು ನಿಮಿಷದಲ್ಲಿ ಕಂಡುಕೊಳ್ಳಬಹುದು. 10 ಕಿಲೋಓಮಿನ ಪ್ರಿಸೆಟ್ ಅಥವಾ ಪಾಟ್ ತೆಗೆದುಕೊಳ್ಳಿ. ಒಂದು ಹೊರಕಾಲು 3.3 ವೋಲ್ಟಿಗೆ, ಇನ್ನೊಂದು ಗ್ರೌಂಡಿಗೆ. ನಡುಕಾಲಿನಿಂದ ಗ್ರೌಂಡಿಗೆ 100 ನ್ಯಾನೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಅದೇ ನಡುಕಾಲು ಒಂದನೇ ಚಾನೆಲ್ಲಿಗೆ. ಎರಡೂ ಕಡೆಯ ಗ್ರೌಂಡ್ ಸೇರಿರಲಿ. ಮೀಟರನ್ನು ನಡುಕಾಲಿನ ಮೇಲೆ ಇಟ್ಟು, 1 ಮೆಗಾಹರ್ಟ್ಜ್‌ನಲ್ಲಿ ಕ್ಯಾಪ್ಚರ್ ಓಡಿಸುತ್ತ ನಿಧಾನವಾಗಿ ತಿರುಗಿಸಿ. ಸೊನ್ನೆ ಒಂದಾಗುವ ವೋಲ್ಟೇಜ್ ಬರೆದುಕೊಳ್ಳಿ; ಹಿಂದಕ್ಕೆ ತಿರುಗಿಸಿ ಒಂದು ಸೊನ್ನೆಯಾಗುವುದನ್ನೂ ಬರೆದುಕೊಳ್ಳಿ. ಎಂಟೂ ಚಾನೆಲ್ಲಿಗೆ ಮಾಡಿ ಡಬ್ಬಿಯ ಬೆನ್ನಿಗೆ ಅಂಟಿಸಿಡಿ.

ಗಡಿಯ ಹತ್ತಿರ ಪಾಟನ್ನು ನಿಲ್ಲಿಸಿ ಪರದೆ ನೋಡಿ. ಮೀಟರಿನಲ್ಲಿ ವೋಲ್ಟೇಜ್ ಕದಲುತ್ತಿಲ್ಲ, ಪರದೆಯಲ್ಲಿ ಮಾತ್ರ ಒಂದು-ಸೊನ್ನೆ ದಟ್ಟವಾಗಿ ಕುಣಿಯುತ್ತಿರುತ್ತವೆ. ಕೆಲವೇ ಮಿಲಿವೋಲ್ಟಿನ ಗದ್ದಲ ಪೂರ್ತಿ ಎತ್ತರದ ಡಿಜಿಟಲ್ ಸಿಗ್ನಲ್ಲಾಗಿ ಕಾಣುತ್ತಿದೆ. ನಿಧಾನವಾಗಿ ಏರುವ ಯಾವ ಸಿಗ್ನಲ್ ಬಂದರೂ ಮುಂದಿನ ಗೇಟಿನ ಒಳಗೆ ಆಗುವುದು ಇದೇ. ಎಲ್‌ಡಿಆರ್, ಹಾಲ್ ಸೆನ್ಸರ್, ಉದ್ದ ತಂತಿಯ ಲಿಮಿಟ್ ಸ್ವಿಚ್ಚುಗಳನ್ನು ನೇರವಾಗಿ ಕೌಂಟರಿಗೆ ಕೊಟ್ಟಾಗ ಒಂದರ ಬದಲು ಮೂರು, ನಾಲ್ಕು ಎಣಿಕೆಯಾಗುವುದಕ್ಕೆ ಕಾರಣವೂ ಇದೇ. ಮಾಮೂಲಿ 74ಎಚ್‌ಸಿ ಗೇಟಿಗೆ 4.5 ವೋಲ್ಟಿನಲ್ಲಿ ಇನ್‌ಪುಟ್ ಏರುವ ಸಮಯ 500 ನ್ಯಾನೊಸೆಕೆಂಡ್ ದಾಟಬಾರದು. ದಾಟುವುದಾದರೆ ನಡುವೆ 74ಎಚ್‌ಸಿ14ರಂತಹ ಶ್ಮಿಟ್ ಟ್ರಿಗರ್ ಇರಬೇಕು. ಏರುವಾಗ ಒಂದು ಗಡಿ, ಇಳಿಯುವಾಗ ಅದಕ್ಕಿಂತ ಕೆಳಗಿನ ಇನ್ನೊಂದು ಗಡಿ ಇರುವುದರಿಂದ ನಡುವಿನ ಗದ್ದಲ ಅದನ್ನು ಅಲುಗಿಸುವುದಿಲ್ಲ. ಈ ಸರ್ಕ್ಯೂಟನ್ನು ಆಟೋ ಶ್ಮಿಟ್ ರೂಪಿಸಿದ್ದು 1930ರ ದಶಕದಲ್ಲಿ, ಸ್ಕ್ವಿಡ್ ಎಂಬ ಕಡಲಜೀವಿಯ ನರಗಳಲ್ಲಿ ಸಂದೇಶ ಸಾಗುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದಾಗ. ಸೊನ್ನೆ-ಒಂದನ್ನು ಗಟ್ಟಿಮಾಡುವ ಉಪಾಯ ಜೀವಕೋಶದಿಂದ ಬಂದದ್ದು ಎಂಬುದು ಎಷ್ಟು ಸಲ ನೆನೆದರೂ ಚೆನ್ನ.

ಅನಲೈಸರ್ ‘ಸರಿ’ ಎನ್ನುತ್ತದೆ, ಚಿಪ್ಪು ‘ಇಲ್ಲ’ ಎನ್ನುತ್ತದೆ

ಡಬ್ಲ್ಯುಎಸ್2812ಬಿ ಬಣ್ಣದ ಎಲ್‌ಇಡಿ ಪಟ್ಟಿಯನ್ನು 3.3 ವೋಲ್ಟಿನ ಇಎಸ್‌ಪಿ32 ಮೈಕ್ರೊಕಂಟ್ರೋಲರಿನಿಂದ ನಡೆಸುವುದು ಇದಕ್ಕೆ ಸ್ಪಷ್ಟ ಉದಾಹರಣೆ. ಎಲ್‌ಇಡಿಗೆ 5 ವೋಲ್ಟ್ ಸಪ್ಲೈ. ‘ಒಂದು’ ಎನ್ನಿಸಿಕೊಳ್ಳಲು ಸಪ್ಲೈಯ 0.7 ಪಾಲು, ಅಂದರೆ 3.5 ವೋಲ್ಟ್ ಬೇಕು. ಸಿಗುತ್ತಿರುವುದು 3.3. ಅನಲೈಸರಿಗೆ 2 ವೋಲ್ಟೇ ಸಾಕಾದ್ದರಿಂದ ಪರದೆಯಲ್ಲಿ 0.4 ಮತ್ತು 0.8 ಮೈಕ್ರೊಸೆಕೆಂಡಿನ ಪಲ್ಸುಗಳು ಅಚ್ಚುಕಟ್ಟಾಗಿ ಕಾಣುತ್ತವೆ, ಸೊನ್ನೆ-ಒಂದುಗಳಿಗೆ ಅರ್ಥ ಹಚ್ಚುವ ಸಾಫ್ಟ್‌ವೇರಿನ ಡಿಕೋಡರ್ ಬಣ್ಣಗಳನ್ನೂ ಸರಿಯಾಗಿ ಓದುತ್ತದೆ. ಪಟ್ಟಿ ಮಾತ್ರ ಮಿನುಗುತ್ತದೆ, ಬೇರೆ ಬಣ್ಣ ತೋರಿಸುತ್ತದೆ. ನೋಡಿದವರು ಕೋಡಿನಲ್ಲಿ ತಪ್ಪು ಹುಡುಕಲು ಹೊರಡುತ್ತಾರೆ, ತಪ್ಪು ಅಲ್ಲಿಲ್ಲ. 5 ವೋಲ್ಟಿನಲ್ಲಿ ಓಡುವ 74ಎಎಚ್‌ಸಿಟಿ125 ಅಥವಾ 74ಎಚ್‌ಸಿಟಿ245 ನಡುವೆ ಹಾಕಿದರೆ ತೀರಿತು, ಅವು 2.0 ವೋಲ್ಟಿಗೇ ‘ಒಂದು’ ಎಂದು ಒಪ್ಪಿ 5 ವೋಲ್ಟ್ ಹೊರಗೆ ಕೊಡುತ್ತವೆ. ಚಿಪ್ಪು ಕೈಲಿಲ್ಲದಿದ್ದರೆ ಮೊದಲನೆಯ ಎಲ್‌ಇಡಿ ಒಂದಕ್ಕೆ ಮಾತ್ರ 1ಎನ್4007 ಡಯೋಡಿನ ಮೂಲಕ ಸಪ್ಲೈ ಕೊಡಿ. ಅದರ ಸಪ್ಲೈ 4.3 ವೋಲ್ಟಿಗೆ ಇಳಿದು ಗಡಿ 3.01 ಆಗುತ್ತದೆ, ಅದರ ಔಟ್‌ಪುಟ್ 4.3 ವೋಲ್ಟಿನದಾದ್ದರಿಂದ ಎರಡನೆಯ ಎಲ್‌ಇಡಿಗೆ ಧಾರಾಳ ಸಾಕು.

ಆರ್ಡುಯಿನೊ ಊನೊ ಬೋರ್ಡಿನ ಎಟಿಮೆಗಾ328ಪಿ ಚಿಪ್ಪಿಗೂ ಇದೇ ಲೆಕ್ಕ: 5 ವೋಲ್ಟಿನಲ್ಲಿ 3.0 ಬೇಕು. 3.3 ವೋಲ್ಟಿನ ಸೆನ್ಸರ್ ಅದನ್ನು ದಾಟುವುದು 0.3 ವೋಲ್ಟಿನ ಅಂತರದಲ್ಲಿ. ಉದ್ದ ತಂತಿ, ಗ್ರೌಂಡಿನಲ್ಲಿ ಮೋಟಾರಿನ ಕರೆಂಟ್ ಸೇರಿದರೆ ಆ ಅಂತರ ಉಳಿಯುವುದಿಲ್ಲ.

ಎರಡೇ ಗೆರೆಗಳಲ್ಲಿ (ತಾಳ ಹಾಕುವ ಕ್ಲಾಕ್ ಗೆರೆ ಎಸ್‌ಸಿಎಲ್, ಡೇಟಾ ಗೆರೆ ಎಸ್‌ಡಿಎ) ಚಿಪ್ಪುಗಳು ಮಾತಾಡುವ ಐ2ಸಿ ಬಸ್ಸಿನಲ್ಲಿ ಕತೆ ಇನ್ನೂ ಆಳ. ಇಲ್ಲಿ ಯಾವ ಚಿಪ್ಪೂ ಗೆರೆಯನ್ನು ಮೇಲಕ್ಕೆ ತಳ್ಳುವುದಿಲ್ಲ. ಕೆಳಗೆ ಎಳೆದು ಬಿಟ್ಟರೆ ಸಪ್ಲೈಗೆ ಕಟ್ಟಿದ ಪುಲ್‌ಅಪ್ ರೆಸಿಸ್ಟರ್ ನಿಧಾನವಾಗಿ ಮೇಲೆತ್ತಬೇಕು. 10 ಕಿಲೋಓಮ್ ಪುಲ್‌ಅಪ್, ತಂತಿ ಮತ್ತು ಚಿಪ್ಪುಗಳೆಲ್ಲ ಸೇರಿ 200 ಪಿಕೊಫ್ಯಾರಡ್ ಇದೆ ಎನ್ನಿ. ಎರಡನ್ನೂ ಗುಣಿಸಿದರೆ 2 ಮೈಕ್ರೊಸೆಕೆಂಡಿನ ಟೈಮ್ ಕಾನ್‌ಸ್ಟಂಟ್. ಅನಲೈಸರಿನ ಥ್ರೆಶೋಲ್ಡ್ 1.4 ವೋಲ್ಟ್ ಎನ್ನಿ. 3.3 ವೋಲ್ಟಿನ ಕಡೆಗೆ ಏರುವಾಗ ಅದನ್ನು ದಾಟಲು 1.1 ಮೈಕ್ರೊಸೆಕೆಂಡ್, ಐ2ಸಿ ನಿಯಮದ 0.7 ಪಾಲು, ಅಂದರೆ 2.31 ವೋಲ್ಟ್ ಮುಟ್ಟಲು 2.4 ಮೈಕ್ರೊಸೆಕೆಂಡ್. 400 ಕಿಲೋಹರ್ಟ್ಜ್‌ನಲ್ಲಿ ಅರ್ಧ ಸುತ್ತಿಗೆ ಸಿಗುವ ಸಮಯವೇ 1.25 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಗೆರೆ ಏರುವುದು 1.53 ವೋಲ್ಟಿಗೆ ಮಾತ್ರ. 1.4ರಲ್ಲಿ ತಿರುಗುವ ಅನಲೈಸರ್ ‘ಕ್ಲಾಕ್ ಇದೆ’ ಎನ್ನುತ್ತದೆ. ಸೆನ್ಸರಿನ ಕಣ್ಣಿಗೆ ಕ್ಲಾಕ್ ಬಂದಿಲ್ಲ.

ಆದರೂ ಕಣ್ಣಿಟ್ಟು ನೋಡುವವರಿಗೆ ಪರದೆಯಲ್ಲಿ ಸುಳಿವು ಇದೆ. ಮೇಲಿನ ಲೆಕ್ಕದ ಕ್ಲಾಕ್ ಸಮಸಮವಾಗಿ ಕಾಣುವುದಿಲ್ಲ: ಕೆಳಭಾಗ ಸುಮಾರು 2.35, ಮೇಲ್ಭಾಗ ಬರೀ 0.15 ಮೈಕ್ರೊಸೆಕೆಂಡ್. ಎಸ್‌ಸಿಎಲ್‌ನ ‘ಒಂದು’ ಅನುಮಾನ ಬರುವಷ್ಟು ಕಿರಿದಾಗಿದ್ದರೆ ಪುಲ್‌ಅಪ್ ದುರ್ಬಲ ಎಂದೇ ಮೊದಲು ಹಿಡಿಯಿರಿ. ಏರುವ ಸಮಯ 0.8473 × ರೆಸಿಸ್ಟನ್ಸ್ × ಕೆಪಾಸಿಟನ್ಸ್. 100 ಕಿಲೋಹರ್ಟ್ಜ್‌ಗೆ ಮಿತಿ 1000 ನ್ಯಾನೊಸೆಕೆಂಡ್, 400ಕ್ಕೆ 300. 200 ಪಿಕೊಫ್ಯಾರಡಿಗೆ 4.7 ಕಿಲೋಓಮ್ ಹಾಕಿದರೆ 797: ನಿಧಾನದ ಬಸ್ಸಿಗೆ ಸರಿ, ವೇಗದ್ದಕ್ಕೆ ಸಾಲದು. 2.2 ಕಿಲೋಓಮಿಗೆ 373, ಇನ್ನೂ ಸಾಲದು. 1.5 ಕಿಲೋಓಮಿಗೆ 254, ಸರಿ. ಇನ್ನೂ ಇಳಿಸಿಕೊಂಡು ಹೋಗಲೂ ಆಗದು, ಏಕೆಂದರೆ ಚಿಪ್ಪು 3 ಮಿಲಿಆಂಪಿಯರ್ ಹೀರುತ್ತ 0.4 ವೋಲ್ಟಿಗೆ ಎಳೆಯಬೇಕು, 3.3 ವೋಲ್ಟಿನಲ್ಲಿ 967 ಓಮ್, 5 ವೋಲ್ಟಿನಲ್ಲಿ 1533 ಓಮ್ ಕನಿಷ್ಠ. ಮಾರುಕಟ್ಟೆಯ ಸೆನ್ಸರ್ ಬೋರ್ಡುಗಳಲ್ಲಿ ಪುಲ್‌ಅಪ್ ಮೊದಲೇ ಕೂತಿರುತ್ತದೆ ಎಂಬುದನ್ನು ಮರೆಯಬೇಡಿ. 4.7 ಕಿಲೋಓಮ್ ಇರುವ ಐದು ಬೋರ್ಡ್ ಸಮಾಂತರ ಸೇರಿದರೆ 940 ಓಮ್, ಮಿತಿಯ ಕೆಳಗೆ. ಒಂದೆರಡು ಬೋರ್ಡಿನ ಪುಲ್‌ಅಪ್ ಕಿತ್ತುಹಾಕಿ.

ಉಲ್ಟಾ ತಪ್ಪೂ ಆಗುತ್ತದೆ. 400 ಕಿಲೋಹರ್ಟ್ಜ್ ಐ2ಸಿ ಚಿಪ್ಪುಗಳ ಒಳಗೆ 50 ನ್ಯಾನೊಸೆಕೆಂಡಿಗಿಂತ ಕಿರಿದಾದ ಸ್ಪೈಕುಗಳನ್ನು ನುಂಗುವ ಫಿಲ್ಟರ್ ಇರಬೇಕೆಂದು ನಿಯಮ. ಅನಲೈಸರಿಗೆ ಅಂತಹ ಫಿಲ್ಟರ್ ಇಲ್ಲ. ಎಸ್‌ಸಿಎಲ್ ಮೇಲಿರುವಾಗ ಎಸ್‌ಡಿಎಯಲ್ಲಿ ಒಂದು ಸ್ಪೈಕ್ ಸಿಕ್ಕಿದರೆ ಡಿಕೋಡರ್ ಅದನ್ನು ಸ್ಟಾರ್ಟ್ ಅಥವಾ ಸ್ಟಾಪ್ ಎಂದು ಓದಿ, ಮುಂದಿನ ಬೈಟುಗಳನ್ನೆಲ್ಲ ಕೆಡಿಸುತ್ತದೆ. ಸರ್ಕ್ಯೂಟ್ ಸರಿಯಾಗಿ ಓಡುತ್ತಿದ್ದು ಡಿಕೋಡರ್ ಮಾತ್ರ ಗೊಂದಲದಲ್ಲಿದ್ದರೆ, ಒಂದೇ ಸ್ಯಾಂಪಲ್ ಅಗಲದ ಪಲ್ಸ್ ಇದೆಯೇ ಎಂದು ಹಿಗ್ಗಿಸಿ ನೋಡಿ.

ಎರಡು ಸ್ಯಾಂಪಲ್ಲಿನ ನಡುವಿನ ಕತ್ತಲು

ಹಳೆಯ ಮೈಕ್ರೊಕಂಟ್ರೋಲರುಗಳ ಕಾಲದಲ್ಲಿ ಚಿಪ್ಪುಗಳ ಅಂಚು ಇಷ್ಟು ಚುರುಕಾಗಿರಲಿಲ್ಲ. ಈಗಿನವುಗಳ ಪಿನ್ನುಗಳು 2-3 ನ್ಯಾನೊಸೆಕೆಂಡಿನಲ್ಲಿ ಮೇಲೇರುತ್ತವೆ, ಕ್ಲಾಕ್ ಎಷ್ಟೇ ನಿಧಾನವಿರಲಿ. ಸೆಕೆಂಡಿಗೊಮ್ಮೆ ತಿರುಗುವ ಪಿನ್ನಿಗೂ ಅಂಚು ಅದೇ. ತೊಂದರೆ ಕೊಡುವುದು ಅಂಚು; ಫ್ರೀಕ್ವೆನ್ಸಿ ಅಲ್ಲ.

20 ಸೆಂಟಿಮೀಟರ್ ಜಂಪರ್ ತಂತಿಗೆ, ಮಿಲಿಮೀಟರಿಗೆ ಸುಮಾರು 1 ನ್ಯಾನೊಹೆನ್ರಿಯಂತೆ, 200 ನ್ಯಾನೊಹೆನ್ರಿ. ತುದಿಯ ಗೇಟಿನ ಕೆಪಾಸಿಟನ್ಸ್ 10 ಪಿಕೊಫ್ಯಾರಡ್. ಇವೆರಡೂ ಸೇರಿ ಸುಮಾರು 112 ಮೆಗಾಹರ್ಟ್ಜ್‌ನಲ್ಲಿ ಅನುರಣಿಸುತ್ತವೆ. ಚುರುಕಾದ ಅಂಚು ಬಿದ್ದ ಕೂಡಲೇ ವೋಲ್ಟೇಜು ಗುರಿ ದಾಟಿ, ಹಿಂದಕ್ಕೆ ಬಂದು, 9 ನ್ಯಾನೊಸೆಕೆಂಡಿಗೊಮ್ಮೆ ಓಲಾಡುತ್ತ ತಣಿಯುತ್ತದೆ. ಆ ಓಲಾಟ ಥ್ರೆಶೋಲ್ಡನ್ನು ಮತ್ತೆ ದಾಟಿದರೆ ಶಿಫ್ಟ್ ರಿಜಿಸ್ಟರಿನ (ಕ್ಲಾಕಿಗೊಂದು ಸ್ಥಾನದಂತೆ ಬಿಟ್ಟುಗಳನ್ನು ಸರಿಸುವ ಚಿಪ್ಪಿನ) ಕ್ಲಾಕ್ ಒಂದರ ಬದಲು ಎರಡಾಗುತ್ತದೆ. 74ಎಚ್‌ಸಿ595 ಸರಪಳಿಯಲ್ಲಿ ಎಲ್‌ಇಡಿಗಳು ಒಂದು ಸ್ಥಾನ ಪಕ್ಕಕ್ಕೆ ಸರಿದು ಕಾಣುವುದು ಹೀಗೆ. 41.67 ನ್ಯಾನೊಸೆಕೆಂಡಿಗೊಮ್ಮೆ ಕಣ್ಣು ತೆರೆಯುವ ಡಬ್ಬಿಗೆ ಇದು ಕಾಣುವುದು ಅದೃಷ್ಟವಿದ್ದರೆ ಮಾತ್ರ. 5 ನ್ಯಾನೊಸೆಕೆಂಡಿನ ಸ್ಪೈಕ್ ಸಿಕ್ಕುವ ಸಾಧ್ಯತೆ 5ನ್ನು 41.67ರಿಂದ ಭಾಗಿಸಿದಷ್ಟು, ಶೇಕಡಾ 12. ನೂರು ಸಲ ಬಂದರೆ 88 ಸಲ ಪರದೆ ಶುಭ್ರ. ಪರದೆಯಲ್ಲಿ ಸ್ಪೈಕ್ ಇಲ್ಲ ಎಂಬುದು ತಂತಿಯಲ್ಲಿ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ; ಅಪರೂಪಕ್ಕೊಮ್ಮೆ ಒಂದು ಸ್ಯಾಂಪಲ್ ಅಗಲದ್ದು ಕಂಡರೆ ಅದು ಗಂಭೀರ ಸಾಕ್ಷಿ.

ಇಂತಹದನ್ನು ಹಿಡಿಯಲು ಒಂದು ಅಗ್ಗದ ಉಪಾಯವಿದೆ. ಒಂದು ಬಿಟ್ ನೆನಪಿಟ್ಟುಕೊಳ್ಳುವ 74ಎಸಿ74 ಫ್ಲಿಪ್‌ಫ್ಲಾಪಿನ ಡಿ ಮತ್ತು ಪ್ರಿಸೆಟ್ ಕಾಲುಗಳನ್ನು ಸಪ್ಲೈಗೆ ಕಟ್ಟಿ, ಅನುಮಾನದ ಸಿಗ್ನಲನ್ನು ಕ್ಲಾಕ್ ಕಾಲಿಗೆ ಕೊಡಿ, ಕ್ಲಿಯರ್ ಕಾಲಿಗೆ ಪುಲ್‌ಅಪ್ ಹಾಕಿ ಒಂದು ಬಟನ್ ಇಡಿ. ಕ್ಯೂ ಔಟ್‌ಪುಟ್ ಅನಲೈಸರಿನ ಒಂದು ಚಾನೆಲ್ಲಿಗೆ. ಸುಮ್ಮನಿರಬೇಕಾದ ಗೆರೆಯಲ್ಲಿ ಕೆಲವೇ ನ್ಯಾನೊಸೆಕೆಂಡಿನ ಸ್ಪೈಕ್ ಬಂದರೂ ಕ್ಯೂ ಮೇಲೇರಿ ಅಲ್ಲೇ ನಿಲ್ಲುತ್ತದೆ. ಯಾವ ಘಟನೆಯ ಜೊತೆಗೆ ಏರಿತು ಎಂಬುದನ್ನು ಉಳಿದ ಏಳು ಚಾನೆಲ್ ಹೇಳುತ್ತವೆ. ಫ್ಲಿಪ್‌ಫ್ಲಾಪಿನ ಸಪ್ಲೈ ಕಾಲಿನ ಪಕ್ಕದಲ್ಲೇ 100 ನ್ಯಾನೊಫ್ಯಾರಡ್ ಇರಲಿ, ಕ್ಲಾಕ್ ತಂತಿ ಎರಡು ಸೆಂಟಿಮೀಟರ್ ಮೀರದಿರಲಿ; ಇಲ್ಲವಾದರೆ ಸ್ಪೈಕನ್ನು ನಾವೇ ಹುಟ್ಟಿಸಿದ ಹಾಗಾಗುತ್ತದೆ. ಮದ್ದು ಸರಳ: ಸಿಗ್ನಲ್ ಹೊರಡುವ ತುದಿಯಲ್ಲಿ, ಪಿನ್ನಿಗೆ ಅಂಟಿಕೊಂಡ ಹಾಗೆ, 33ರಿಂದ 47 ಓಮ್ ಸರಣಿ ರೆಸಿಸ್ಟರ್. ತಲುಪುವ ತುದಿಯಲ್ಲಿ ಹಾಕಿದರೆ ಅಷ್ಟು ಪ್ರಯೋಜನವಿಲ್ಲ.

ವೇಗದ ವಿಷಯದಲ್ಲಿ ಪ್ರಾಮಾಣಿಕ ಮಿತಿ ಹೀಗೆ: ಸಿಗ್ನಲ್ಲಿನ ಕ್ಲಾಕಿಗಿಂತ ಕನಿಷ್ಠ ನಾಲ್ಕು ಪಟ್ಟು ಸ್ಯಾಂಪಲ್ ಬೇಕು. ಕ್ಲಾಕ್ ಗೆರೆಯಿರುವ ಇನ್ನೊಂದು ಬಸ್ಸಾದ ಎಸ್‌ಪಿಐ 4 ಮೆಗಾಹರ್ಟ್ಜ್ ನಿರಾಳ, 6 ಕೊನೆ. 8ರಲ್ಲಿ ಸುತ್ತಿಗೆ ಮೂರೇ ಸ್ಯಾಂಪಲ್. ಬೈಟುಗಳು ಓದಬಹುದು, ಟೈಮಿಂಗ್ ಮಾತ್ರ ನಂಬಬಾರದು. ಐ2ಸಿ 400 ಕಿಲೋಹರ್ಟ್ಜ್‌ಗೆ 4 ಮೆಗಾಹರ್ಟ್ಜ್, ಸೆಕೆಂಡಿಗೆ 115200 ಬಿಟ್ಟಿನ ಯುಎಆರ್‌ಟಿ ಸೀರಿಯಲ್ ಗೆರೆಗೆ 1 ಅಥವಾ 2 ಮೆಗಾಹರ್ಟ್ಜ್ ಸಾಕು. ಎಲ್ಲದಕ್ಕೂ 24 ಇಡುವುದರಿಂದ ಫೈಲ್ ಊದಿಕೊಳ್ಳುತ್ತದೆ. ಸ್ಪೈಕ್ ಹುಡುಕುವಾಗ ಮಾತ್ರ 24.

ಎಫ್‌ಪಿಜಿಎ (ಒಳಗಿನ ಲಾಜಿಕ್ಕನ್ನು ನಾವೇ ರೂಪಿಸುವ ಚಿಪ್ಪು) ಬಳಸುವವರಿಗೆ ಇನ್ನೊಂದು ಮಾತು. ಫ್ಲಿಪ್‌ಫ್ಲಾಪಿನ ಡಿ ಕಾಲು ಕ್ಲಾಕಿನ ಅಂಚಿನಲ್ಲೇ ಬದಲಾದರೆ ಔಟ್‌ಪುಟ್ ಸ್ವಲ್ಪ ಹೊತ್ತು ಸೊನ್ನೆಯೂ ಅಲ್ಲದೆ ಒಂದೂ ಅಲ್ಲದೆ ನಿಲ್ಲುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯ, ಸೇಂಟ್ ಲೂಯಿಯ ಥಾಮಸ್ ಚೇನಿ ಮತ್ತು ಚಾರ್ಲ್ಸ್ ಮೋಲ್ನರ್ 1973ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಈ ಡಬ್ಬಿಯಲ್ಲಿ ಅದು ಎಂದಿಗೂ ಕಾಣದು, ಏಕೆಂದರೆ ಡಬ್ಬಿಯೂ ಫ್ಲಿಪ್‌ಫ್ಲಾಪಿನಿಂದಲೇ ನೋಡುತ್ತದೆ. ಹೊರಗಿನಿಂದ ಬರುವ ಪ್ರತಿ ಅಸಿಂಕ್ರೊನಸ್ (ನಮ್ಮ ಕ್ಲಾಕಿನ ತಾಳಕ್ಕೆ ಸೇರದ) ಗೆರೆಗೂ ಎರಡು ಫ್ಲಿಪ್‌ಫ್ಲಾಪ್ ಸಾಲಾಗಿ ಇಡಿ. ಅಳತೆ ಮಾಡಿ ನಿರ್ಧರಿಸುವ ವಿಷಯ ಅದಲ್ಲ.

ತಂತಿ, ಗ್ರೌಂಡ್, ಮತ್ತು ಚುಚ್ಚಬಾರದ ಜಾಗಗಳು

ಜೊತೆಗೆ ಬರುವ ಬಣ್ಣದ ಜಂಪರ್ ತಂತಿಗಳೇ ಈ ಉಪಕರಣದ ಅತಿ ದುರ್ಬಲ ಭಾಗ. ಎಂಟು ಚಾನೆಲ್ ಚುಚ್ಚಿ ಒಂದೇ ಕಪ್ಪು ತಂತಿಯನ್ನು ಗ್ರೌಂಡಿಗೆ ಸಿಕ್ಕಿಸಿರುವುದನ್ನು ಎಲ್ಲೆಲ್ಲೂ ನೋಡುತ್ತೇವೆ. ಲೆಕ್ಕ ಹಾಕಿ: ಚಾನೆಲ್ಲಿಗೆ 10 ಪಿಕೊಫ್ಯಾರಡಿನಂತೆ 80 ಪಿಕೊಫ್ಯಾರಡ್, ಎಂಟೂ ಗೆರೆ ಒಟ್ಟಿಗೆ 3 ನ್ಯಾನೊಸೆಕೆಂಡಿನಲ್ಲಿ 3.3 ವೋಲ್ಟ್ ಏರಿದರೆ 88 ಮಿಲಿಆಂಪಿಯರ್ ಬೇಕು. ಅಷ್ಟೂ ಹಿಂದಿರುಗಬೇಕಾದದ್ದು ಆ ಒಂದು ಕಪ್ಪು ತಂತಿಯ 200 ನ್ಯಾನೊಹೆನ್ರಿಯ ಮೂಲಕ. ಅಷ್ಟು ಬೇಗ ಅಷ್ಟು ಕರೆಂಟ್ ಅದರಲ್ಲಿ ಹರಿಯದು. ಬದಲಿಗೆ ಡಬ್ಬಿಯ ಗ್ರೌಂಡೇ ಕುಪ್ಪಳಿಸುತ್ತದೆ. ಆಗ ಸುಮ್ಮನಿರುವ ಚಾನೆಲ್ಲಿನಲ್ಲೂ ಪಲ್ಸ್ ಕಾಣುತ್ತದೆ. ಪ್ಯಾರಲಲ್ ಬಸ್ 00ಯಿಂದ ಎಫ್‌ಎಫ್‌ಗೆ (ಎಂಟೂ ಸೊನ್ನೆಯಿಂದ ಎಂಟೂ ಒಂದಕ್ಕೆ) ಹಾರುವ ಕ್ಷಣದಲ್ಲೇ ಬೇರೆ ಗೆರೆಯಲ್ಲಿ ಸ್ಪೈಕ್ ಕಂಡರೆ ಮೊದಲು ಅನುಮಾನ ಈ ತಂತಿಯ ಮೇಲೆ.

ಹೆಡರಿನಲ್ಲಿ ಎರಡು ಗ್ರೌಂಡ್ ಪಿನ್ ಇದ್ದರೆ ಎರಡನ್ನೂ ಹಾಕಿ. ತಂತಿಗಳನ್ನು 8-10 ಸೆಂಟಿಮೀಟರಿಗೆ ಕತ್ತರಿಸಿ. ಕ್ಲಾಕ್ ತಂತಿಯ ಜೊತೆ ಒಂದು ಗ್ರೌಂಡ್ ತಂತಿ ಹೆಣೆದು, ಬೋರ್ಡಿನಲ್ಲಿ ಆ ಚಿಪ್ಪಿನ ಗ್ರೌಂಡ್ ಕಾಲಿನ ಹತ್ತಿರಕ್ಕೇ ಕೊಡಿ; ಪವರ್ ಸಪ್ಲೈಯ ಟರ್ಮಿನಲ್ಲಿಗೆ ಬೇಡ. ಪ್ರತಿ ತಂತಿಯ ಬೋರ್ಡಿನ ಕಡೆಯ ತುದಿಗೆ 100 ಓಮ್ ರೆಸಿಸ್ಟರ್ ಬೆಸೆದರೆ ಅನಲೈಸರಿನ ಹೊರೆ ಬೋರ್ಡಿನ ಮೇಲೆ ಬೀಳುವುದು ಕಡಿಮೆಯಾಗುತ್ತದೆ. ‘ಅನಲೈಸರ್ ಸಿಕ್ಕಿಸಿದರೆ ಸರ್ಕ್ಯೂಟ್ ಸರಿಹೋಗುತ್ತದೆ, ತೆಗೆದರೆ ಕೆಡುತ್ತದೆ’ ಎಂಬುದೂ ಇದೇ ಹೊರೆಯ ಆಟ. ಆ 10-20 ಪಿಕೊಫ್ಯಾರಡ್ ಅಂಚನ್ನು ಮೊಂಡು ಮಾಡಿ ಓಲಾಟ ತಗ್ಗಿಸಿರುತ್ತದೆ. ಅಲ್ಲಿ ಸರಣಿ ರೆಸಿಸ್ಟರ್ ಬೇಕು ಎಂಬ ಸೂಚನೆ ಅದು.

ಕ್ರಿಸ್ಟಲ್ ಕಾಲಿಗೆ ಚುಚ್ಚಲೇಬೇಡಿ. 32.768 ಕಿಲೋಹರ್ಟ್ಜ್ ಕ್ರಿಸ್ಟಲ್ಲಿನ ಲೋಡ್ ಕೆಪಾಸಿಟನ್ಸೇ ಸಾಮಾನ್ಯವಾಗಿ 6 ಅಥವಾ 12.5 ಪಿಕೊಫ್ಯಾರಡ್, ನಿಮ್ಮ ತಂತಿ ಅದಕ್ಕಿಂತ ಹೆಚ್ಚು ಸೇರಿಸಿ ಗಡಿಯಾರವನ್ನು ನಿಲ್ಲಿಸಿಬಿಡುತ್ತದೆ. ಮೈಕ್ರೊಕಂಟ್ರೋಲರಿನ ಕ್ಲಾಕ್ ಔಟ್ ಪಿನ್ ಇದ್ದರೆ ಅಲ್ಲಿಂದ ನೋಡಿ. ಎಲ್ಲಿಗೂ ಸೇರದ ಚಾನೆಲ್ಲಿನಲ್ಲಿ 20 ಮಿಲಿಸೆಕೆಂಡಿಗೊಮ್ಮೆ ತಿರುಗುವ ಅಲೆ ಕಂಡರೆ ಗಾಬರಿ ಬೇಡ, ಅದು ಗೋಡೆಯ ತಂತಿಗಳ 50 ಹರ್ಟ್ಜ್. ಬಫರ್ ಇರುವ ಕೆಲವು ಡಬ್ಬಿಗಳಲ್ಲಿ 100 ಕಿಲೋಓಮ್ ಪುಲ್‌ಡೌನ್ ಇರುವುದರಿಂದ ಇದು ಕಾಣುವುದಿಲ್ಲ.

ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ 230 ವೋಲ್ಟಿನಿಂದ ನಡೆಯುವ ಸರ್ಕ್ಯೂಟಿಗೆ (ಎಲ್‌ಇಡಿ ಬಲ್ಬ್ ಡ್ರೈವರ್, ಕೆಲವು ಎನರ್ಜಿ ಮೀಟರ್ ಮತ್ತು ಫ್ಯಾನ್ ರೆಗ್ಯುಲೇಟರ್ ಬೋರ್ಡ್) ಇದನ್ನು ಯಾವ ಕಾರಣಕ್ಕೂ ಸಿಕ್ಕಿಸಬೇಡಿ. ಅಲ್ಲಿನ ‘ಗ್ರೌಂಡ್’ ಮೇನ್ಸಿನ ಒಂದು ತಂತಿ. ಅದು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿನ ಮೈಗೂ ನಿಮ್ಮ ಕೈಗೂ ಬರುತ್ತದೆ. ಎರಡು ಕಡೆಯ ವಿದ್ಯುತ್ ಸಂಪರ್ಕ ಬೇರ್ಪಡಿಸುವ, ಎಡಿಯುಎಂ3160 ಚಿಪ್ಪು ಇರುವ ಅಗ್ಗದ ಯುಎಸ್‌ಬಿ ಐಸೊಲೇಟರ್ 12 ಮೆಗಾಬಿಟ್ಟಿಗೆ ಸೀಮಿತ, ಅದರಲ್ಲಿ ಈ ಡಬ್ಬಿಯ 24 ಮೆಗಾಬೈಟ್ ಹೋಗುವುದಿಲ್ಲ. ಸಿಗ್ನಲ್ ಕಡೆಯೇ ಆಪ್ಟೊಕಪ್ಲರ್ ಅಥವಾ ಡಿಜಿಟಲ್ ಐಸೊಲೇಟರ್ ಹಾಕುವುದು ಸರಿಯಾದ ದಾರಿ.

ಸಪ್ಲೈಗೂ ಒಂದು ಚಾನೆಲ್

ಇದು ಈ ಡಬ್ಬಿಯಿಂದ ಮಾಡಿಸಬಹುದಾದ ಅತ್ಯುತ್ತಮ ಕೆಲಸ, ಮಾಡಿಸುವವರು ಕಡಿಮೆ. ರಿಲೇ ಅಥವಾ ಮೋಟಾರ್ ಆನ್ ಆದಾಗ 3.3 ವೋಲ್ಟ್ ಕುಸಿದು ಮೈಕ್ರೊಕಂಟ್ರೋಲರ್ ರೀಸೆಟ್ ಆಗುತ್ತಿದೆ ಎಂಬ ಅನುಮಾನವಿದೆಯೇ? ಅಳೆದ ಥ್ರೆಶೋಲ್ಡ್ 1.4 ವೋಲ್ಟ್ ಎನ್ನಿ. 10 ಕಿಲೋಓಮ್ ಪಾಟನ್ನು ಸಪ್ಲೈಗೂ ಗ್ರೌಂಡಿಗೂ ನಡುವೆ ಹಾಕಿ, ನಡುಕಾಲಿನಲ್ಲಿ ಸಪ್ಲೈಯ 0.483 ಪಾಲು, ಅಂದರೆ 3.3ಕ್ಕೆ 1.59 ವೋಲ್ಟ್ ಬರುವ ಹಾಗೆ ತಿರುಗಿಸಿ, ಚಾನೆಲ್ಲಿಗೆ ಕೊಡಿ. ಸಪ್ಲೈ 2.9 ವೋಲ್ಟಿಗಿಂತ ಕೆಳಗಿಳಿದ ಕ್ಷಣ ಆ ಚಾನೆಲ್ ಸೊನ್ನೆಯಾಗುತ್ತದೆ. ಇಲ್ಲಿ ಮಾತ್ರ ನಡುಕಾಲಿಗೆ ಕೆಪಾಸಿಟರ್ ಹಾಕಬಾರದು, ಕುಸಿತವನ್ನು ಅದು ನುಂಗುತ್ತದೆ. ರಿಲೇ ಪಿನ್, ರೀಸೆಟ್ ಪಿನ್, ಸಪ್ಲೈ ಮೂರನ್ನೂ ಒಟ್ಟಿಗೆ ಕ್ಯಾಪ್ಚರ್ ಮಾಡಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕಣ್ಣೆದುರು ಇರುತ್ತದೆ.

ಕುಸಿತ ಕಂಡರೆ ಡಿಕಪ್ಲಿಂಗ್, ಅಂದರೆ ಚಿಪ್ಪಿನ ಸಪ್ಲೈಯನ್ನು ಹಿಡಿದು ನಿಲ್ಲಿಸುವ ಕೆಪಾಸಿಟರ್ ನೋಡಿ. 100 ನ್ಯಾನೊಫ್ಯಾರಡ್ ಕೆಪಾಸಿಟರ್ ‘ಎಲ್ಲೋ ಒಂದು ಕಡೆ ಇದೆ’ ಎಂದರೆ ಇದ್ದಂತಲ್ಲ. ಕಾಲುಗಳೂ ತಂತಿಯೂ ಸೇರಿ 10 ಮಿಲಿಮೀಟರ್ ಆದರೆ 10 ನ್ಯಾನೊಹೆನ್ರಿ. ಆ ಕೆಪಾಸಿಟರ್ 5 ಮೆಗಾಹರ್ಟ್ಜ್‌ನಿಂದ ಆಚೆಗೆ ಇಂಡಕ್ಟರಿನಂತೆ ವರ್ತಿಸುತ್ತದೆ. ಸಪ್ಲೈ ಕಾಲು ಮತ್ತು ಗ್ರೌಂಡ್ ಕಾಲಿಗೆ ಅಂಟಿಕೊಂಡ ಎಕ್ಸ್7ಆರ್ ಬಗೆಯ ಸೆರಾಮಿಕ್ ಚಿಪ್ ಕೆಪಾಸಿಟರ್ ಬೇಕು. ರಿಲೇಯಂತಹ ನಿಧಾನದ ಕುಸಿತಕ್ಕೆ ಜೊತೆಯಲ್ಲಿ 100 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್.

ಸಾಫ್ಟ್‌ವೇರ್

ಸಿಗ್ರಾಕ್ ಯೋಜನೆಯ ಪಲ್ಸ್‌ವ್ಯೂ ಉಚಿತ, ಮುಕ್ತ ತಂತ್ರಾಂಶ, ಇದಕ್ಕೆ ಹೇಳಿ ಮಾಡಿಸಿದ್ದು. ವಿಂಡೋಸಿನಲ್ಲಿ ಝಾಡಿಗ್ ಎಂಬ ಸಣ್ಣ ತಂತ್ರಾಂಶ ಬಳಸಿ ವಿನ್‌ಯುಎಸ್‌ಬಿ ಡ್ರೈವರ್ ಹಾಕಬೇಕು. ಪಲ್ಸ್‌ವ್ಯೂ ಫರ್ಮ್‌ವೇರ್ ಇಳಿಸಿದ ಮೇಲೆ ಡಬ್ಬಿ ಬೇರೆ ಗುರುತಿನಿಂದ ಮತ್ತೆ ಕಾಣಿಸಿಕೊಂಡರೆ ಇನ್ನೊಮ್ಮೆ ಹಾಕಿ. ಡಿವೈಸ್ ಪಟ್ಟಿಯಲ್ಲಿ ಎಫ್ಎಕ್ಸ್2ಎಲ್ಎಎಫ್‌ಡಬ್ಲ್ಯೂ ಆರಿಸಿ ಸ್ಕ್ಯಾನ್ ಮಾಡಿ. ಪ್ರತಿ ಸಲ ಚುಚ್ಚಿದಾಗ ಫರ್ಮ್‌ವೇರ್ ಹೊಸದಾಗಿ ರ‍್ಯಾಮಿಗೆ ಇಳಿಯುವುದರಿಂದ ಮೊದಲ ಸ್ಕ್ಯಾನ್ ಒಂದೆರಡು ಸೆಕೆಂಡ್ ಹಿಡಿಯುತ್ತದೆ. ಈ ಡಬ್ಬಿಗಳಲ್ಲಿ ಕೆಲವು ಬೇರೊಂದು ಕಂಪನಿಯ ಗುರುತಿನ ಸಂಖ್ಯೆ ಹೊತ್ತು ಬರುತ್ತವೆ, ಅದರ ಸಾಫ್ಟ್‌ವೇರಿನಲ್ಲೂ ಓಡುತ್ತವೆ. ಆ ಪರವಾನಗಿ ಆ ಕಂಪನಿಯ ಉಪಕರಣ ಕೊಂಡವರಿಗೆ ಮಾತ್ರ. ಪಲ್ಸ್‌ವ್ಯೂನಲ್ಲೇ ಎಲ್ಲ ಸಿಗುವಾಗ ಆ ದಾರಿ ಬೇಡ.

ಯಾರಿಗೆ, ಯಾರಿಗಲ್ಲ

ಮೈಕ್ರೊಕಂಟ್ರೋಲರ್, ಸೆನ್ಸರ್, ಡಿಸ್‌ಪ್ಲೇ ನಡುವಿನ ಮಾತುಕತೆ ಓದಬೇಕಾದವರಿಗೆ ಇದು ಮೊದಲ ಖರೀದಿಯಾಗಲಿ. 1.8 ವೋಲ್ಟ್ ಸಿಗ್ನಲ್ಲಿಗೆ ಬೇಡ, 2.0 ವೋಲ್ಟಿನ ಗಡಿಯನ್ನೇ ಅದು ಮುಟ್ಟುವುದಿಲ್ಲ. ಆರ್‌ಎಸ್232ರ ಋಣ ವೋಲ್ಟೇಜಿಗೆ, 12 ವೋಲ್ಟಿನ ವಾಹನದ ಗೆರೆಗಳಿಗೆ ನೇರ ಕೊಟ್ಟರೆ ಸುಟ್ಟುಹೋಗುತ್ತದೆ. ಎಸ್‌ಡಿ ಕಾರ್ಡಿನ 25 ಮೆಗಾಹರ್ಟ್ಜ್, ಕ್ಯಾಮೆರಾ ಬಸ್ ಇವಕ್ಕೆ ವೇಗ ಸಾಲದು.

ಅಂಚಿನ ಆಕಾರ ನೋಡಲು ಆಸಿಲೋಸ್ಕೋಪೇ ಬೇಕು. 0.35ನ್ನು ಬ್ಯಾಂಡ್‌ವಿಡ್ತಿನಿಂದ ಭಾಗಿಸಿ: 50 ಮೆಗಾಹರ್ಟ್ಜ್ ಸ್ಕೋಪಿನ ಸ್ವಂತ ಏರುಸಮಯ 7 ನ್ಯಾನೊಸೆಕೆಂಡ್, 100ರದ್ದು 3.5. ಇದಕ್ಕೂ ಕರಿ ಕ್ಲಿಪ್ಪಿನ ಉದ್ದ ತಂತಿ ಬಳಸಿದರೆ 15 ಸೆಂಟಿಮೀಟರಿನ 150 ನ್ಯಾನೊಹೆನ್ರಿ ಮತ್ತು ಪ್ರೋಬಿನ 12 ಪಿಕೊಫ್ಯಾರಡ್ ಸೇರಿ 119 ಮೆಗಾಹರ್ಟ್ಜ್ ಸುಮಾರಿನಲ್ಲಿ ಪ್ರೋಬೇ ಓಲಾಡುತ್ತದೆ. ಪ್ರೋಬಿನ ಜೊತೆ ಬರುವ ಚಿಕ್ಕ ಸ್ಪ್ರಿಂಗ್ ಗ್ರೌಂಡನ್ನು ಎಸೆಯದೆ ಇಟ್ಟುಕೊಳ್ಳಿ.

ಅನಲೈಸರ್ ಕೊಳ್ಳುವಾಗಲೇ ಅದೇ ಅಂಗಡಿಯಲ್ಲಿ ಇವನ್ನೂ ತೆಗೆದುಕೊಂಡುಬಿಡಿ: ಹುಕ್ ಕ್ಲಿಪ್ ಹತ್ತು, 10 ಕಿಲೋಓಮ್ ಪ್ರಿಸೆಟ್ ಎರಡು, 33, 47 ಮತ್ತು 100 ಓಮ್ ರೆಸಿಸ್ಟರ್ ಹತ್ತು ಹತ್ತು, 1.5 ಮತ್ತು 4.7 ಕಿಲೋಓಮ್ ಅಷ್ಟೇ, 100 ನ್ಯಾನೊಫ್ಯಾರಡ್ ಎಕ್ಸ್7ಆರ್ ಇಪ್ಪತ್ತು, 74ಎಚ್‌ಸಿ14, 74ಎಎಚ್‌ಸಿಟಿ125 ಮತ್ತು 74ಎಸಿ74 ಒಂದೊಂದು. ಎಸಿ ಬದಲು ಎಚ್‌ಸಿ ಕೊಟ್ಟರೆ ಸ್ಪೈಕ್ ಹಿಡಿಯುವ ಕೆಲಸಕ್ಕೆ ಅದು ನಿಧಾನ. ಎಎಚ್‌ಸಿಟಿ ಬದಲು ಎಚ್‌ಸಿ125 ಕೊಟ್ಟರೆ ಮಟ್ಟ ಏರಿಸುವ ಕೆಲಸವೇ ಆಗುವುದಿಲ್ಲ. ಚಿಪ್ಪಿನ ಮೈಮೇಲಿನ ಅಕ್ಷರಗಳನ್ನು ಕೌಂಟರಿನಲ್ಲೇ ಓದಿ ನೋಡಿಕೊಳ್ಳಿ.